ಆಸ್ಪತ್ರೆಯಲ್ಲಿ ಸಹಜ ಹೆರಿಗೆ: ಕುಬುಸಕ್ಕೂ ಮುಂಚೆ ಶುರುವಾಗಬೇಕಾದ ಸಿದ್ಧತೆ

ನಮ್ಮ ಕಡೆ ಚೊಚ್ಚಲ ಹೆರಿಗೆ ತವರುಮನೆಯದು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಯಾವ ಊರಿಗೆ ಹೋದರೂ ಏಳನೆಯ ಇಲ್ಲವೆ ಒಂಬತ್ತನೆಯ ತಿಂಗಳಿನಲ್ಲಿ ಕುಬುಸ (ಸೀಮಂತ) ಮಾಡಿ, ಹಸಿರು ಬಳೆ ಇಡಿಸಿ, ಉಡಿ ತುಂಬಿ ಮಗಳನ್ನು ತವರಿಗೆ ಕರೆದುಕೊಂಡು ಹೋಗುವ ರೂಢಿ ಇಂದಿಗೂ ಗಟ್ಟಿಯಾಗಿದೆ. ತಾಯಿಯ ಆರೈಕೆ ಸಿಗುತ್ತದೆ, ಮನಸ್ಸಿಗೆ ಧೈರ್ಯ ಬರುತ್ತದೆ. ಹೆರಿಗೆಗೆ ಇವು ಸಣ್ಣ ಸಹಾಯಗಳಲ್ಲ. ಆದರೆ ಇದೇ ರೂಢಿಯಿಂದ ಒಂದು ತೊಡಕೂ ಹುಟ್ಟುತ್ತದೆ. ಏಳು ತಿಂಗಳು ತಪಾಸಣೆ ಮಾಡಿದ ವೈದ್ಯರು ಗಂಡನ ಊರಿನಲ್ಲಿ ಉಳಿಯುತ್ತಾರೆ, ಹೆರಿಗೆ ಮಾಡಿಸುವವರು ತವರಿನ ಕಡೆಯವರು. ಮೊದಲ ಸ್ಕ್ಯಾನಿನ ಕಾಗದ ಅತ್ತೆಯ ಮನೆಯ ಕಪಾಟಿನಲ್ಲಿರುತ್ತದೆ, ಬ್ಯಾನಿ (ಹೆರಿಗೆ ನೋವು) ಬಂದ ಹುಡುಗಿ ಇನ್ನಾವುದೋ ಆಸ್ಪತ್ರೆಯ ಬಾಗಿಲಲ್ಲಿರುತ್ತಾಳೆ. ಹೆರಿಗೆ ಕೋಣೆಯಲ್ಲಿ ಬಹಳ ವರ್ಷ ಶುಶ್ರೂಷಕಿಯಾಗಿ ದುಡಿದು ನಿವೃತ್ತಳಾದ ನಾನು ಕಂಡಂತೆ, ಸಹಜವಾಗಿ ಆಗಬಹುದಾಗಿದ್ದ ಎಷ್ಟೋ ಹೆರಿಗೆಗಳು ದಾರಿ ತಪ್ಪಿದ್ದು ಬ್ಯಾನಿ ಶುರುವಾಗುವುದಕ್ಕೆ ಎರಡು ತಿಂಗಳು ಮುಂಚೆಯೇ. ಗುರುತಿಲ್ಲದ ವೈದ್ಯರು, ಅರ್ಧಂಬರ್ಧ ಕಾಗದಪತ್ರ, ಗಾಬರಿಗೊಂಡ ಮನೆಯವರು, ಈ ಮೂರೂ ಒಂದೇ ರಾತ್ರಿ ಕೂಡಿಬಂದರೆ ಯಾವ ವೈದ್ಯರಿಗಾದರೂ ಶಸ್ತ್ರಚಿಕಿತ್ಸೆಯೇ ಸುರಕ್ಷಿತವೆನಿಸುತ್ತದೆ.

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇಕಡಾ 21.5ರಷ್ಟು ಹೆರಿಗೆಗಳು ಸಿಜೇರಿಯನ್ ಮೂಲಕ ಆಗಿವೆ. ಕರ್ನಾಟಕದಲ್ಲಿ ಆ ಪ್ರಮಾಣ ಶೇಕಡಾ 31.5. ಇಡೀ ದೇಶದ ಲೆಕ್ಕದಲ್ಲಿ ಸರಕಾರಿ ಆಸ್ಪತ್ರೆಗಳಲ್ಲಿ ಶೇಕಡಾ 14.3 ಇದ್ದರೆ ಖಾಸಗಿ ಆಸ್ಪತ್ರೆಗಳಲ್ಲಿ 47.4 ಇದೆ. ದೊಡ್ಡ ತೊಂದರೆಯಿರುವ ಬಸುರಿಯರು ಸರಕಾರಿ ಜಿಲ್ಲಾಸ್ಪತ್ರೆಗೂ ಬರುತ್ತಾರೆ, ಖಾಸಗಿಗೂ ಹೋಗುತ್ತಾರೆ. ಇಷ್ಟು ದೊಡ್ಡ ಅಂತರವನ್ನು ಹೆಂಗಸರ ಮೈಕಟ್ಟಿನಿಂದ ವಿವರಿಸಲಾಗದು. ಯಾವ ಬಾಗಿಲು ಹೊಕ್ಕಿದ್ದೀರಿ, ಯಾವಾಗ ಹೊಕ್ಕಿದ್ದೀರಿ, ಜೊತೆಗೆ ಯಾರಿದ್ದರು ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಮೊದಲು ತಿಳಿಯಬೇಕಾದುದು: ನಿಮಗೆ ಇದು ಸಲ್ಲುತ್ತದೆಯೇ

ಮಾಸು (ಬಸುರಿನಲ್ಲಿ ಕೂಸಿಗೆ ಪೋಷಣೆ ಕೊಡುವ ಚೀಲದಂಥ ಅಂಗ, ಪ್ಲಾಸೆಂಟಾ) ಗರ್ಭಕೋಶದ ಬಾಯನ್ನು ಮುಚ್ಚಿಕೊಂಡು ಕುಳಿತಿದ್ದರೆ ಸಹಜ ಹೆರಿಗೆಯ ಮಾತೇ ಇಲ್ಲ. ಅಲ್ಲಿ ಸಿಜೇರಿಯನ್ ತಾಯಿಯ ಜೀವ ಉಳಿಸುತ್ತದೆ. ಮಗು ಅಡ್ಡವಾಗಿ ಮಲಗಿದ್ದರೂ ಹಾಗೆಯೇ. 36 ವಾರಗಳಾದ ಮೇಲೂ ಮಗುವಿನ ಕುಂಡೆ ಕೆಳಗಿದ್ದರೆ, ಅವಳಿಯಿದ್ದರೆ, ರಕ್ತದೊತ್ತಡ 140/90ರ ಗಡಿ ಮುಟ್ಟಿದ್ದರೆ ಅಥವಾ ಬಸುರಿನ ಸಕ್ಕರೆ ಕಾಯಿಲೆ ಬಂದಿದ್ದರೆ ತೀರ್ಮಾನ ತಜ್ಞ ವೈದ್ಯರದು. ಇವುಗಳಲ್ಲಿ ಕೆಲವು ಸಂದರ್ಭಗಳಲ್ಲಿ ಸಹಜ ಹೆರಿಗೆ ಸಾಧ್ಯವಿದ್ದರೂ, ಹಗಲು ರಾತ್ರಿ ಶಸ್ತ್ರಚಿಕಿತ್ಸೆಯ ಕೋಣೆ, ಅರಿವಳಿಕೆ ವೈದ್ಯರು ಮತ್ತು ರಕ್ತ ಸಿಗುವ ಆಸ್ಪತ್ರೆಯಲ್ಲಿ ಮಾತ್ರ ಅದಕ್ಕೆ ಕೈ ಹಾಕಬೇಕು.

ಮೊದಲನೆಯದು ಸಿಜೇರಿಯನ್ ಆದವರು ಎರಡನೆಯದೂ ಅದೇ ಎಂದು ಮೊದಲೇ ಕೈಚೆಲ್ಲಬೇಕಾಗಿಲ್ಲ. ಗರ್ಭಕೋಶದ ಕೆಳಭಾಗದಲ್ಲಿ ಅಡ್ಡ ಗಾಯವಿದ್ದು, ಹಿಂದಿನ ಕಾರಣ ಈ ಸಲ ಇಲ್ಲದಿದ್ದರೆ, ತಕ್ಕ ಆಸ್ಪತ್ರೆಯಲ್ಲಿ ಸಹಜ ಹೆರಿಗೆಗೆ ಪ್ರಯತ್ನಿಸಬಹುದು. ಆದರೆ ಒಳಗೆ ಗಾಯ ಹೇಗಿದೆ ಎಂಬುದು ಹೊಟ್ಟೆಯ ಮೇಲಿನ ಗುರುತಿನಿಂದ ತಿಳಿಯದು. ಹಿಂದಿನ ಶಸ್ತ್ರಚಿಕಿತ್ಸೆಯ ಕಾಗದ ಬೇಕು. ಆ ಕಾಗದವಿಲ್ಲದೆ ಬಂದ ಬಸುರಿಯನ್ನು ಕಾಯಿಸಿ ನೋಡಲು ವೈದ್ಯರು ಹಿಂಜರಿದರೆ ಅವರದು ತಪ್ಪೆನ್ನಲಾಗದು.

ಆಸ್ಪತ್ರೆಯನ್ನು ಆರಿಸುವುದು

ಕುಬುಸದ ದಿನ ಗೊತ್ತುಮಾಡುವಾಗಲೇ ತವರಿನ ಕಡೆಯ ಆಸ್ಪತ್ರೆಯನ್ನೂ ಗೊತ್ತುಮಾಡಬೇಕು ಎಂಬುದು ನನ್ನ ಮೊದಲ ಸಲಹೆ. ಪ್ರತಿ ತಿಂಗಳ 9ನೆಯ ತಾರೀಖು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. 2016ರಿಂದ ನಡೆದುಬಂದಿರುವ ಈ ದಿನವನ್ನು ತವರಿನ ಆಸ್ಪತ್ರೆಯ ಮೊದಲ ಭೇಟಿಗೆ ಬಳಸಿಕೊಳ್ಳಿ. ತಾಯಿ ಕಾರ್ಡು, ಎಲ್ಲ ಸ್ಕ್ಯಾನುಗಳು, ರಕ್ತದ ಗುಂಪಿನ ವರದಿ, ಹಿಂದಿನ ಹೆರಿಗೆಯ ಕಾಗದ, ಇವಿಷ್ಟನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಎಲ್ಲದರ ಫೋಟೋ ತೆಗೆದು ಗಂಡನ ಮೊಬೈಲಿನಲ್ಲೂ ಅಣ್ಣತಮ್ಮಂದಿರ ಮೊಬೈಲಿನಲ್ಲೂ ಇಡಿ. ರಕ್ತದ ಗುಂಪು ನೆಗೆಟಿವ್ ಇದ್ದವರು ಅದನ್ನು ಮೊದಲ ಭೇಟಿಯಲ್ಲೇ ಬಾಯಿಬಿಟ್ಟು ಹೇಳಬೇಕು. 28ನೆಯ ವಾರದ ಸುತ್ತ ಒಂದು ಚುಚ್ಚುಮದ್ದು, ಮಗುವಿನ ಗುಂಪು ಪಾಸಿಟಿವ್ ಆದರೆ ಹೆರಿಗೆಯಾದ 72 ತಾಸಿನೊಳಗೆ ಇನ್ನೊಂದು ಬೇಕಾಗುತ್ತದೆ.

ನಮ್ಮ ಮೂರು ಜಿಲ್ಲೆಗಳಲ್ಲಿ ಆಯ್ಕೆಗೆ ಕೊರತೆಯಿಲ್ಲ. ತಾಲೂಕು ಆಸ್ಪತ್ರೆಗಳಿವೆ, ಬೆಳಗಾವಿಯಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಜಿಲ್ಲಾಸ್ಪತ್ರೆ ಮತ್ತು ಕೆಎಲ್‌ಇ ಆಸ್ಪತ್ರೆ, ಬಾಗಲಕೋಟೆಯ ನವನಗರದಲ್ಲಿ ಕುಮಾರೇಶ್ವರ ಆಸ್ಪತ್ರೆ, ವಿಜಯಪುರದಲ್ಲಿ ಜಿಲ್ಲಾಸ್ಪತ್ರೆ ಮತ್ತು ಬಿಎಲ್‌ಡಿಇ ಆಸ್ಪತ್ರೆ ಇವೆ. ಅಥಣಿಯ ಕಡೆಯವರಿಗೆ ಬೆಳಗಾವಿಗಿಂತ ವಿಜಯಪುರವೂ ಮಿರಜವೂ ಹತ್ತಿರ. ತೊಂದರೆಯಿಲ್ಲದ ಬಸುರಿಗೆ ಚೆನ್ನಾಗಿ ನಡೆಯುತ್ತಿರುವ ತಾಲೂಕು ಆಸ್ಪತ್ರೆಯೇ ಎಷ್ಟೋ ಸಲ ಮೇಲು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅಲ್ಲಿನ ಶುಶ್ರೂಷಕಿಯರು ದಿನವೂ ಸಹಜ ಹೆರಿಗೆಯನ್ನೇ ಮಾಡಿಸುತ್ತಿರುತ್ತಾರೆ, ಅವರ ಕೈ ಪಳಗಿರುತ್ತದೆ. ಹೆರಿಗೆ ಕೋಣೆಗಳನ್ನು ಸುಧಾರಿಸಲು 2017ರಲ್ಲಿ ಶುರುವಾದ ಲಕ್ಷ್ಯ ಯೋಜನೆಯ ಪ್ರಮಾಣಪತ್ರ ಆ ಆಸ್ಪತ್ರೆಗೆ ಸಿಕ್ಕಿದೆಯೇ ಎಂದು ಕೇಳಿ ನೋಡಿ. ಖರ್ಚಿನ ಬಗೆಗೆ ಹೇಳುವುದಾದರೆ, 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಜೇರಿಯನ್, ಔಷಧ, ತಪಾಸಣೆ, ರಕ್ತ, ಊಟ, ಹೋಗಿಬರುವ ವಾಹನ ಎಲ್ಲವೂ ಉಚಿತ.

ಭೇಟಿಯ ದಿನ ಹೆರಿಗೆ ಕೋಣೆಯನ್ನು ಹೊರಗಿನಿಂದಲಾದರೂ ನೋಡಿ ಬರಬೇಕು, ಕೆಲವು ಮಾತು ಕೇಳಿಯೂ ಬರಬೇಕು. ಬ್ಯಾನಿಯ ಹೊತ್ತಿನಲ್ಲಿ ಜೊತೆಗೊಬ್ಬರನ್ನು ಬಿಡುತ್ತಾರೆಯೇ? ಓಡಾಡಲು, ನೀರು ಕುಡಿಯಲು ಬಿಡುತ್ತಾರೆಯೇ? ರಾತ್ರಿ ಯಾರಿರುತ್ತಾರೆ, ತುರ್ತು ಬಿದ್ದರೆ ಸಿಜೇರಿಯನ್ ಇಲ್ಲೇ ಆಗುತ್ತದೆಯೋ ಬೇರೆಡೆ ಕಳಿಸುತ್ತಾರೆಯೋ, ಕಳಿಸುವುದಾದರೆ ಎಲ್ಲಿಗೆ? ದಿನ ತುಂಬಿದ ಮೇಲೆ ಎಷ್ಟು ದಿನ ಕಾಯುತ್ತಾರೆ? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರ ಬಹಳ ಹೇಳುತ್ತದೆ. ಹೇಳಿದ ತಾರೀಖಿನಂದೇ ಹುಟ್ಟುವ ಮಕ್ಕಳು ತೀರ ಕಡಿಮೆ. 37ರಿಂದ 42 ವಾರಗಳ ನಡುವೆ ಯಾವಾಗ ಬಂದರೂ ದಿನ ತುಂಬಿದ ಮಗುವೇ. ಬೇರೆ ತೊಂದರೆಯಿಲ್ಲದಿದ್ದರೆ 41 ವಾರ ತುಂಬುವವರೆಗೆ ತಪಾಸಣೆ ಮಾಡಿಸುತ್ತ ಕಾಯಬಹುದು, ಆಮೇಲೆ ಬ್ಯಾನಿ ಬರಿಸುವುದು ಒಳ್ಳೆಯದು. ತಾರೀಖು ದಾಟಿತೆಂಬ ಒಂದೇ ಕಾರಣಕ್ಕೆ ಮರುದಿನ ಶಸ್ತ್ರಚಿಕಿತ್ಸೆ ಎನ್ನುವ ಕಡೆ ನಾನಂತೂ ನನ್ನ ಮಗಳನ್ನು ಕಳಿಸಲಾರೆ.

ಇವೆಲ್ಲವನ್ನೂ ಕೇಳುವಾಗ ದನಿ ಮೆತ್ತಗಿರಲಿ. ಪಟ್ಟಿ ಹಿಡಿದು ಸವಾಲು ಹಾಕಿದಂತೆ ಕೇಳಿದರೆ ಎದುರಿನವರು ಗೋಡೆಯಾಗುತ್ತಾರೆ. "ಅಕ್ಕಾರ, ಆದಷ್ಟು ನಾರ್ಮಲ್ ಆಗ್ಲಿ ಅಂತ ನಮ್ಮ ಆಸೆ ಐತ್ರಿ, ನೀವು ಹೆಂಗ ಹೇಳ್ತೀರಿ ಹಂಗ ತಯಾರಾಗ್ತೀವಿ" ಎಂದರೆ ಅದೇ ಶುಶ್ರೂಷಕಿ ಕುರ್ಚಿ ಎಳೆದು ಕೂರಿಸಿ ಹೇಳುತ್ತಾಳೆ.

ಮೈಯನ್ನು ಅಣಿಗೊಳಿಸುವುದು

ನಮ್ಮ ಕಡೆಯ ಬಸುರಿಯರಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಕಂಡ ಕೊರತೆ ರಕ್ತಹೀನತೆ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. 7ಕ್ಕಿಂತ ಕೆಳಗಿಳಿದರೆ ಗಂಡಾಂತರ. ರಕ್ತ ಕಡಿಮೆಯಿದ್ದವಳಿಗೆ ದೀರ್ಘ ಬ್ಯಾನಿಯನ್ನು ತಾಳುವ ತ್ರಾಣವಿರುವುದಿಲ್ಲ, ಹೆರಿಗೆಯ ನಂತರ ಸ್ವಲ್ಪ ರಕ್ತ ಹೋದರೂ ಕುಸಿಯುತ್ತಾಳೆ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ಕಬ್ಬಿಣದ ಗುಳಿಗೆ ನುಂಗಬೇಕು. ಗುಳಿಗೆಯ ಹಿಂದೆಮುಂದೆ ಒಂದು ತಾಸು ಚಹಾ ಬೇಡ, ಲಿಂಬೆಹಣ್ಣಿನ ರಸ ಒಳ್ಳೆಯದು, ಸುಣ್ಣದ (ಕ್ಯಾಲ್ಸಿಯಂ) ಗುಳಿಗೆಯನ್ನು ಬೇರೆ ಹೊತ್ತಿಗೆ ತೆಗೆದುಕೊಳ್ಳಬೇಕು. ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಿ ಗುಳಿಗೆಯನ್ನು ಕಿಟಕಿಯಿಂದ ಎಸೆಯಬಾರದು.

ಕಡಿಮೆ ಉಂಡರೆ ಕೂಸು ಸಣ್ಣದಾಗಿ ಸಲೀಸಾಗಿ ಹೊರಬರುತ್ತದೆ ಎಂದು ಹೇಳುವ ಹಿರಿಯರು ಇನ್ನೂ ಇದ್ದಾರೆ. ಸಣ್ಣ ಕೂಸು ದುರ್ಬಲ ಕೂಸು, ತಾಯಿಯೂ ದುರ್ಬಲಳಾಗುತ್ತಾಳೆ. ರೊಟ್ಟಿ, ಕಾಳಿನ ಪಲ್ಯ, ಹಸಿ ತಪ್ಪಲು, ಮೊಸರು, ಶೇಂಗಾ ಚಟ್ನಿ, ಒಗ್ಗುವವರಿಗೆ ಮೊಟ್ಟೆ, ಇದು ಹೆರಿಗೆಗೆ ಹೇಳಿ ಮಾಡಿಸಿದ ಊಟ. ಒಂಬತ್ತನೆಯ ತಿಂಗಳಲ್ಲಿ ಬಟ್ಟಲುಗಟ್ಟಲೆ ತುಪ್ಪ ಕುಡಿಸಿದರೆ ದಾರಿ ಜಾರಾಗುತ್ತದೆ ಎಂಬ ನಂಬಿಕೆಯೂ ಇದೆ. ತುಪ್ಪ ಹೋಗುವ ದಾರಿಯೇ ಬೇರೆ, ಕೂಸು ಬರುವ ದಾರಿಯೇ ಬೇರೆ. ಊಟದ ಜೊತೆ ಒಂದು ಚಮಚ ಸಾಕು. ಬ್ಯಾನಿ ಬರಲೆಂದು ಔಡಲೆಣ್ಣೆ ಕುಡಿಸುವುದನ್ನು ಮಾತ್ರ ಖಂಡಿತ ಮಾಡಬಾರದು.

ವೈದ್ಯರು ಬೇಡವೆನ್ನದಿದ್ದರೆ ದಿನಕ್ಕೆ ಅರ್ಧ ತಾಸು ನಡೆಯಿರಿ. ವಿಜಯಪುರದ ಬೇಸಿಗೆಯಲ್ಲಿ ಮುಂಜಾನೆ ಏಳರೊಳಗೆ ಮುಗಿಸಿಬಿಡಿ. ಕುಡಿಯುವ ನೀರು ಕಡಿಮೆಯಾದರೆ ಹೊಟ್ಟೆ ಸುಮ್ಮನೆ ಬಿಗಿದುಕೊಂಡು ಸುಳ್ಳು ಬ್ಯಾನಿ ಕಾಣಿಸಿಕೊಳ್ಳುತ್ತದೆ. ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂರುವ ಅಭ್ಯಾಸ ನಮ್ಮ ಅಜ್ಜಿಯಂದಿರಿಗೆ ಒಲೆಯ ಮುಂದೆಯೇ ಆಗುತ್ತಿತ್ತು, ಈಗ ಗ್ಯಾಸಿನ ಕಟ್ಟೆ ಬಂದು ಅದು ತಪ್ಪಿದೆ. ಕಿಟಕಿಯ ಸರಳು ಹಿಡಿದು ದಿನಕ್ಕೆ ಹತ್ತು ಹದಿನೈದು ಸಲ ಕುಳಿತು ಏಳುವುದು, ಕಾಲು ಅಗಲಿಸಿ ಚಕ್ಕಳಮಕ್ಕಳ ಕೂರುವುದು ತೊಡೆಗೂ ಸೊಂಟಕ್ಕೂ ಬಲ ಕೊಡುತ್ತವೆ. ಮಲಗುವಾಗ ಮಗ್ಗುಲಾಗಿ ಮಲಗಬೇಕು, ಎಡ ಮಗ್ಗುಲಾದರೆ ಇನ್ನೂ ಒಳ್ಳೆಯದು.

ಯಾರೂ ಹೇಳಲು ನಾಚುವ ಒಂದು ಮಾತಿದೆ. 35ನೆಯ ವಾರದಿಂದ ವಾರಕ್ಕೆ ಒಂದೆರಡು ಸಲ, ಉಗುರು ತೆಗೆದು ತೊಳೆದ ಬೆರಳಿಗೆ ಶುದ್ಧ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಯೋನಿಯ ಕೆಳಭಾಗದ ಚರ್ಮವನ್ನು ಐದು ನಿಮಿಷ ಮೆಲ್ಲಗೆ ಕೆಳಕ್ಕೂ ಪಕ್ಕಕ್ಕೂ ಹಿಗ್ಗಿಸಿದರೆ, ಚೊಚ್ಚಲ ಹೆರಿಗೆಯಲ್ಲಿ ಕೊಯ್ತವೂ (ಕೂಸು ಬರಲು ಯೋನಿಯ ಬಾಯಿಯನ್ನು ಕತ್ತರಿಸುವುದು) ಹೊಲಿಗೆಯೂ ಬೇಕಾಗುವ ಸಂಭವ ತಗ್ಗುತ್ತದೆ ಎಂದು ಅಧ್ಯಯನಗಳಿಂದ ತಿಳಿದಿದೆ. ಮಾಸು ಕೆಳಗಿದ್ದವರು, ಸೋಂಕಿದ್ದವರು, ನೀರು ಸೋರುತ್ತಿರುವವರು ಇದನ್ನು ಮಾಡಬಾರದು.

ಉಸಿರಾಟದ ಅಭ್ಯಾಸಕ್ಕೆ ದುಬಾರಿ ತರಗತಿ ಬೇಕಿಲ್ಲ. ಬೀಸುಕಲ್ಲಿನ ಮುಂದೆ ಕುಳಿತು ಪದ ಹೇಳುತ್ತಿದ್ದ ಹೆಂಗಸರು ಕಲ್ಲು ತಿರುಗುವ ಲಯಕ್ಕೆ ಉಸಿರನ್ನು ಉದ್ದವಾಗಿ ಬಿಡುತ್ತಿದ್ದರು. ಬ್ಯಾನಿಯಲ್ಲಿ ಬೇಕಾದುದೂ ಅದೇ. ಮೂಗಿನಿಂದ ಎಳೆದುಕೊಂಡು, ಬಾಯಿಯಿಂದ ಅದರ ಎರಡರಷ್ಟು ಹೊತ್ತು ಬಿಡುವುದು, ಬೇಕಾದರೆ ಕೆಳದನಿಯಲ್ಲಿ ಗುನುಗುವುದು. ಏರುದನಿಯಲ್ಲಿ ಚೀರಿದರೆ ಗಂಟಲೂ ಭುಜವೂ ಬಿಗಿಯುತ್ತವೆ, ತ್ರಾಣ ಬೇಗ ಸೋರಿಹೋಗುತ್ತದೆ.

ಜೊತೆಗೆ ಯಾರಿರಬೇಕು

ಇಡೀ ಸಿದ್ಧತೆಯಲ್ಲಿ ಒಂದನ್ನೇ ಮಾಡಲು ಸಾಧ್ಯ ಎನ್ನುವವರಿಗೆ ಇದನ್ನು ಮಾಡಿ ಎನ್ನುತ್ತೇನೆ. ಬ್ಯಾನಿಯ ಉದ್ದಕ್ಕೂ ಒಬ್ಬರೇ ವ್ಯಕ್ತಿ ಬಿಡದೆ ಜೊತೆಗಿದ್ದರೆ ಸಿಜೇರಿಯನ್ ಕಡಿಮೆಯಾಗುತ್ತದೆ, ಬ್ಯಾನಿಯ ಅವಧಿ ತಗ್ಗುತ್ತದೆ ಎಂಬುದು ಹಲವು ದೇಶಗಳ 20ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡುಬಂದಿದೆ. ಕೇಂದ್ರ ಸರಕಾರವೂ 2016ರಲ್ಲಿ ಸರಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ಜೊತೆಗಾರ್ತಿಗೆ ಅವಕಾಶ ಕೊಟ್ಟಿದೆ. ಆಕೆ ಸ್ವತಃ ಹೆತ್ತ ಅನುಭವವಿರುವ ಹೆಂಗಸಾದರೆ ಒಳ್ಳೆಯದು, ಸೋಂಕಿನ ಕಾಯಿಲೆ ಇರಬಾರದು, ಚೊಕ್ಕ ಬಟ್ಟೆ ಉಟ್ಟಿರಬೇಕು, ಚಿಕಿತ್ಸೆಯಲ್ಲಿ ಕೈಹಾಕಬಾರದು. ಮರೆಯ ವ್ಯವಸ್ಥೆ ಸರಿಯಿರುವ ಕಡೆ ಗಂಡನೂ ಇರಬಹುದು.

ಹಡೆದವ್ವನೇ ಇರಬೇಕೆಂದು ಎಲ್ಲರೂ ಬಯಸುತ್ತಾರೆ. ನನಗೆ ಈ ಬಗ್ಗೆ ಸ್ವಲ್ಪ ಬೇರೆ ಅಭಿಪ್ರಾಯವಿದೆ. ಮಗಳ ನೋವು ನೋಡಲಾಗದೆ ಅತ್ತು, "ಡಾಕ್ಟರ್ರ, ಕೊಯ್ದರ ತಗೀರಿ, ನನ್ನ ಮಗಳ ತ್ರಾಸ ನೋಡಾಕ ಆಗವಲ್ದು" ಎಂದು ಕೈಮುಗಿದ ತಾಯಂದಿರನ್ನು ಲೆಕ್ಕವಿಲ್ಲದಷ್ಟು ಕಂಡಿದ್ದೇನೆ. ಒಂದು ರಾತ್ರಿ ಎಲ್ಲವೂ ಸರಿಯಾಗಿ ಸಾಗುತ್ತಿದ್ದ, ಇನ್ನು ಎರಡು ಮೂರು ತಾಸಿನ ಮಾತಾಗಿದ್ದ ಹೆರಿಗೆಯೊಂದು ಹೀಗೆ ಬಾಗಿಲಲ್ಲಿ ಎದ್ದ ಗೋಳಿಗೇ ಶಸ್ತ್ರಚಿಕಿತ್ಸೆಗೆ ಹೋಯಿತು. ಒಳಗಿದ್ದ ಹುಡುಗಿ ಅಲ್ಲಿಯವರೆಗೂ ಧೈರ್ಯವಾಗಿಯೇ ಇದ್ದಳು. ಅಮಾವಾಸ್ಯೆ ಹತ್ತುವುದರೊಳಗೆ ತೆಗೆಯಿರಿ, ಮೂಲಾ ನಕ್ಷತ್ರ ಬೇಡ ಎಂದು ವೈದ್ಯರನ್ನು ಪೀಡಿಸುವವರೂ ಮನೆಯವರೇ. ಆದ್ದರಿಂದ ಗಟ್ಟಿ ಎದೆಯ ವೈನಿಯೋ, ಸಣ್ಣವ್ವನೋ, ಎರಡು ಹೆತ್ತ ಅಕ್ಕನೋ ಒಳಗಿರಲಿ. ತಾಯಿ ಹೊರಗೆ ಗಂಜಿ ಕಾಸಿಕೊಂಡು ಕೂರಲಿ.

ಆರಿಸಿದವರಿಗೆ ಕೆಲಸ ಮೊದಲೇ ಕಲಿಸಬೇಕು. ಬ್ಯಾನಿ ಏರುವಾಗ ಅಂಗೈಯ ಬುಡದಿಂದ ಸೊಂಟದ ಕೆಳಗಿನ ಎಲುಬನ್ನು ಗಟ್ಟಿಯಾಗಿ ಒತ್ತಿ ಹಿಡಿಯುವುದು, ಬ್ಯಾನಿ ಇಳಿದಾಗ ಎರಡು ಗುಟುಕು ನೀರು ಕುಡಿಸುವುದು, ತಾಸಿಗೊಮ್ಮೆಯಾದರೂ ಮೂತ್ರಕ್ಕೆ ಕರೆದೊಯ್ಯುವುದು, ಕೊರಳಿಗೆ ಕೈ ಕೊಟ್ಟು ಜೋತುಬೀಳಲು ಬಿಡುವುದು, ಮೊಬೈಲಿನಲ್ಲಿ ನೆಂಟರಿಗೆ ವರದಿ ಕೊಡದಿರುವುದು. ಕೊನೆಯದನ್ನು ಕಲಿಸುವುದೇ ಕಷ್ಟ.

ಯಾವಾಗ ಹೊರಡಬೇಕು

ಚೀಲದಲ್ಲಿ ಏನೇನಿರಬೇಕೆಂದು ಉದ್ದ ಪಟ್ಟಿ ಮಾಡುವುದಿಲ್ಲ: ಕಾಗದಪತ್ರ, ಮುಂದೆ ತೆರೆಯುವ ಎರಡು ಸಡಿಲ ನೈಟಿ, ಪ್ಯಾಡು, ತೊಳೆದು ಬಿಸಿಲಿಗೆ ಒಣಗಿಸಿದ ಹಳೆಯ ಮೆತ್ತನೆಯ ಸೀರೆಯ ತುಂಡುಗಳು, ಕೂಸಿಗೆ ಟೊಪ್ಪಿಗೆ, ನೀರಿನ ಬಾಟಲಿ, ಬಿಸಿನೀರಿನ ರಬ್ಬರು ಚೀಲ, ಒಂದಿಷ್ಟು ನಗದು. 36ನೆಯ ವಾರಕ್ಕೆ ಇದು ಕಟ್ಟಿ ಮುಗಿದಿರಬೇಕು.

ಹೊರಡುವ ಹೊತ್ತನ್ನು ಗುರುತಿಸುವುದು ಇದಕ್ಕಿಂತ ಬಹಳ ಮುಖ್ಯ. ನಿಜವಾದ ಬ್ಯಾನಿ ಸೊಂಟದಿಂದ ಶುರುವಾಗಿ ಹೊಟ್ಟೆಗೆ ಬರುತ್ತದೆ, ನಡೆದರೂ ಮಲಗಿದರೂ ನಿಲ್ಲುವುದಿಲ್ಲ, ಬರಬರುತ್ತ ಹತ್ತಿರವಾಗುತ್ತದೆ, ಬಿರುಸಾಗುತ್ತದೆ. ಸುಳ್ಳು ಬ್ಯಾನಿ ನೀರು ಕುಡಿದು, ಬಿಸಿನೀರು ಸ್ನಾನ ಮಾಡಿ ಮಲಗಿದರೆ ಇಳಿದುಹೋಗುತ್ತದೆ. ಚೊಚ್ಚಲಿನಲ್ಲಿ ಗರ್ಭಕೋಶದ ಬಾಯಿ ಮೊದಲ ಕೆಲವು ಸೆಂಟಿಮೀಟರ್ ತೆರೆಯಲು ಒಂದು ಹಗಲು ಒಂದು ರಾತ್ರಿ ಹಿಡಿಯಬಹುದು. ಚುರುಕು ಬ್ಯಾನಿಯ ಲೆಕ್ಕ 5 ಸೆಂಟಿಮೀಟರಿನಿಂದ ಶುರುವಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ಅಲ್ಲಿಂದ ಮುಂದೆಯೂ ಚೊಚ್ಚಲಿಗೆ 12 ತಾಸಿನವರೆಗೆ ಹಿಡಿಯಬಹುದು. ತೀರ ಮೊದಲೇ ಬಂದು ಹಾಸಿಗೆ ಹಿಡಿದವಳ ಬಗ್ಗೆ ಎಲ್ಲರಿಗೂ ಅವಸರ ಹುಟ್ಟುತ್ತದೆ: ನಿನ್ನೆ ಬಂದವಳು ಇನ್ನೂ ಹೆತ್ತಿಲ್ಲ ಎಂದು ಸೂಜಿ, ಸಲಾಯಿನ್ ಒಂದೊಂದಾಗಿ ಸೇರಿಕೊಳ್ಳುತ್ತವೆ. ಆಸ್ಪತ್ರೆ ಅರ್ಧ ತಾಸಿನ ದಾರಿಯಲ್ಲಿದ್ದು ಬೇರೆ ತೊಂದರೆಯಿಲ್ಲದಿದ್ದರೆ, ಐದು ನಿಮಿಷಕ್ಕೊಂದರಂತೆ, ಒಂದೊಂದೂ ಸುಮಾರು ಒಂದು ನಿಮಿಷ ಇರುವ ಬ್ಯಾನಿ ಒಂದು ತಾಸು ಬಿಡದೆ ಬಂದಾಗ ಹೊರಟರೆ ಸಾಕು. ಅಲ್ಲಿಯವರೆಗೆ ಮನೆಯಲ್ಲೇ ನುಚ್ಚು ಮಜ್ಜಿಗೆ ಉಂಡು, ಸ್ನಾನ ಮಾಡಿ, ಓಡಾಡುತ್ತ, ಸಾಧ್ಯವಾದರೆ ನಿದ್ದೆ ಮಾಡುತ್ತ ಇರಬಹುದು. ಎರಡನೆಯ ಹೆರಿಗೆಯವರು ಇಷ್ಟು ಕಾಯಬಾರದು.

ದಾರಿ ಒಂದು ತಾಸಿಗಿಂತ ಹೆಚ್ಚಿದ್ದರೆ ಬ್ಯಾನಿ ಕ್ರಮಕ್ಕೆ ಬಿದ್ದ ಕೂಡಲೇ ಹೊರಡಬೇಕು. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ, ಗೋಕಾಕ, ಅಥಣಿಯ ರಸ್ತೆಗಳಲ್ಲಿ ರಾತ್ರಿಯಿಡೀ ಜೋಡಿ ಟ್ರೇಲರುಗಳ ಸಾಲು ನಿಂತಿರುತ್ತದೆ, ಅದನ್ನು ದಾಟುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಳೆಗಾಲದಲ್ಲಿ ಕೃಷ್ಣೆ, ದೂಧಗಂಗಾ, ವೇದಗಂಗಾ, ಘಟಪ್ರಭೆಗಳ ಕೆಳಮಟ್ಟದ ಸೇತುವೆಗಳು ಮುಳುಗಿದರೆ ಹತ್ತು ಮೈಲಿಯ ದಾರಿ ಐವತ್ತು ಮೈಲಿಯಾಗುತ್ತದೆ. 2019ರ ಆಗಸ್ಟಿನ ನೆರೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಥ ಊರುಗಳವರು ಜುಲೈ, ಆಗಸ್ಟ್ ತಿಂಗಳುಗಳಲ್ಲಿ ದಿನ ತುಂಬುವುದಿದ್ದರೆ ಒಂದೆರಡು ವಾರ ಮೊದಲೇ ಆಸ್ಪತ್ರೆಯ ಸಮೀಪದ ನೆಂಟರ ಮನೆ ಸೇರುವುದು ಲೇಸು. 108ಕ್ಕೆ ಕರೆ ಮಾಡಿದರೆ ವಾಹನ ಉಚಿತವಾಗಿ ಬರುತ್ತದೆ, ಆದರೂ ಊರಿನ ಒಂದು ಗಾಡಿಯ ಚಾಲಕನಿಗೆ ಮೊದಲೇ ಹೇಳಿಟ್ಟಿರಿ.

ಬ್ಯಾನಿ ಇರಲಿ ಇಲ್ಲದಿರಲಿ ತಡಮಾಡದೆ ಹೊರಡಬೇಕಾದ ಸಂದರ್ಭಗಳಿವೆ: ನೀರು ಒಡೆದರೆ, ಅದರಲ್ಲೂ ಹಸಿರು ಅಥವಾ ಕಂದು ಬಣ್ಣವಿದ್ದರೆ, ಲೋಳೆಯೊಡನೆ ಬರುವ ಕೆಂಪು ಗೆರೆಯನ್ನು ಬಿಟ್ಟು ರಕ್ತ ಹೋದರೆ, ಕೂಸಿನ ಮಿಸುಕಾಟ ಕಡಿಮೆಯಾಯಿತೆನಿಸಿದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಮುಖ ಊದಿದರೆ, ಜ್ವರ ಬಂದರೆ, 37 ವಾರಕ್ಕೆ ಮೊದಲೇ ಬ್ಯಾನಿ ಶುರುವಾದರೆ. ಫಿಟ್ಸ್ ಬಂದರೆ ಅಥವಾ ಹೊಕ್ಕುಳಬಳ್ಳಿ ಹೊರಗೆ ಕಂಡರೆ ಒಂದು ನಿಮಿಷವೂ ಸಲ್ಲದು. ಇನ್ನೊಂದನ್ನು ಒತ್ತಿ ಹೇಳುತ್ತೇನೆ, ಊರಿನಲ್ಲಿ ಯಾರ ಕೈಯಿಂದಲೂ ಬ್ಯಾನಿ ಸೂಜಿ ಹಾಕಿಸಿಕೊಳ್ಳಬೇಡಿ. ಆಸ್ಪತ್ರೆಯಲ್ಲಿ ಹನಿಹನಿಯಾಗಿ ಲೆಕ್ಕವಿಟ್ಟು ಕೊಡುವ ಔಷಧವನ್ನು ಒಮ್ಮೆಲೇ ಚುಚ್ಚಿದರೆ ಗರ್ಭಕೋಶ ಹರಿಯಬಹುದು.

ಹೆರಿಗೆ ಕೋಣೆಯೊಳಗೆ

ಅಂಗಾತ ಮಲಗಿ ಬ್ಯಾನಿ ತಿನ್ನುವುದು ಎಲ್ಲಕ್ಕಿಂತ ಕಷ್ಟದ ಭಂಗಿ. ಗರ್ಭಕೋಶದ ಭಾರ ಬೆನ್ನಿನ ದೊಡ್ಡ ರಕ್ತನಾಳದ ಮೇಲೆ ಬೀಳುತ್ತದೆ, ಕೂಸು ಇಳಿಯಲು ನೆಲದ ಸೆಳೆತದ ಸಹಾಯವೂ ತಪ್ಪುತ್ತದೆ. ಆದಷ್ಟು ಹೊತ್ತು ನಡೆಯುವುದು, ಗೋಡೆಗೆ ಅಥವಾ ಜೊತೆಗಾರ್ತಿಗೆ ಒರಗಿ ನಿಂತು ಸೊಂಟ ತೂಗುವುದು, ಬೆನ್ನುನೋವು ವಿಪರೀತವಾದರೆ ಮೊಳಕಾಲೂರಿ ಅಂಗೈ ಊರುವುದು, ದಣಿದರೆ ಎಡ ಮಗ್ಗುಲಾಗುವುದು, ಹೀಗೆ ಅರ್ಧ ತಾಸಿಗೊಮ್ಮೆ ಭಂಗಿ ಬದಲಿಸಬೇಕು. ಬ್ಯಾನಿಯಲ್ಲಿ ಏನೂ ಕುಡಿಯಬಾರದೆಂಬ ಕಟ್ಟಳೆ ತೊಂದರೆಯಿಲ್ಲದ ಹೆರಿಗೆಗೆ ಬೇಕಿಲ್ಲ. ನೀರು, ತಿಳಿಮಜ್ಜಿಗೆ, ತೆಳ್ಳಗಿನ ಗಂಜಿ ನಡೆಯುತ್ತದೆ, ಆದರೂ ಶುಶ್ರೂಷಕಿಯನ್ನು ಕೇಳಿ ಕುಡಿಯಿರಿ.

ಎನಿಮಾ, ಕೂದಲು ಬೋಳಿಸುವುದು, ಎಲ್ಲರಿಗೂ ಕೊಯ್ತ ಹಾಕುವುದು, ಮೇಲಿನಿಂದ ಹೊಟ್ಟೆ ಒತ್ತುವುದು, ಇವು ರೂಢಿಯಾಗಿ ಮಾಡಬೇಕಾದ ಕ್ರಮಗಳಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅದೇ 2018ರ ಶಿಫಾರಸುಗಳು ಹೇಳುತ್ತವೆ. ಒಳಪರೀಕ್ಷೆ ನಾಲ್ಕು ತಾಸಿಗೊಮ್ಮೆ ಸಾಕು. ಕೂಸಿನ ಎದೆಬಡಿತ ಕೇಳುವುದು ಮಾತ್ರ ತಪ್ಪಬಾರದು, ಮೊದಲ ಹಂತದಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ, ಮುಕ್ಕುವ (ಕೂಸನ್ನು ಕೆಳಕ್ಕೆ ತಳ್ಳುವ) ಹಂತದಲ್ಲಿ ಐದು ನಿಮಿಷಕ್ಕೊಮ್ಮೆ. ಗರ್ಭಕೋಶದ ಬಾಯಿ ಪೂರ್ತಿ ತೆರೆಯುವ ಮುನ್ನ ಮುಕ್ಕಬೇಡಿ; ತೆರೆದ ಮೇಲೆ ಮೈಯೇ ಮುಕ್ಕಿಸುತ್ತದೆ. ತಲೆ ಕಾಣಿಸಿಕೊಂಡಾಗ ಶುಶ್ರೂಷಕಿ ನಿಲ್ಲಿಸು ಎಂದರೆ ನಿಲ್ಲಿಸಿ, ನಾಯಿ ತೇಕಿದಂತೆ ಸಣ್ಣ ಉಸಿರು ಬಿಡಿ. ಆ ಒಂದು ನಿಮಿಷದ ತಾಳ್ಮೆ ಎಷ್ಟೋ ಹೊಲಿಗೆಗಳನ್ನು ಉಳಿಸುತ್ತದೆ.

ಸಹಜ ಹೆರಿಗೆ ಬೇಕೆಂದು ಹೇಳಿಕೊಂಡವರು ಕೆಲವೊಮ್ಮೆ ಕೂಸು ಹೊರಬಂದ ಕೂಡಲೇ ತೊಡೆಗೆ ಹಾಕುವ ಆಕ್ಸಿಟೋಸಿನ್ ಚುಚ್ಚುಮದ್ದನ್ನೂ ಬೇಡವೆನ್ನುತ್ತಾರೆ. ಅಲ್ಲಿ ನಾನು ಒಪ್ಪುವುದಿಲ್ಲ. ಹೆರಿಗೆಯ ನಂತರದ ರಕ್ತಸ್ರಾವ ಎಷ್ಟು ಬೇಗ ಜೀವ ಒಯ್ಯುತ್ತದೆಂಬುದನ್ನು ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳೇ ಬಲ್ಲವು. ಬೆಳಗಾವಿಯ ಜವಾಹರಲಾಲ ನೆಹರು ವೈದ್ಯಕೀಯ ಕಾಲೇಜಿನ ವೈದ್ಯರು ವಿದೇಶದ ಸಂಶೋಧಕರೊಡನೆ ಈ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ 1620 ಹೆಂಗಸರ ಮೇಲೆ ನಡೆಸಿದ ಅಧ್ಯಯನದಲ್ಲಿ, ಹೆತ್ತ ಕೂಡಲೇ ಮಿಸೊಪ್ರೊಸ್ಟಾಲ್ ಗುಳಿಗೆ ಕೊಟ್ಟಾಗ ಅತಿ ರಕ್ತಸ್ರಾವ ಶೇಕಡಾ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಜಗತ್ತೇ ಗಮನಿಸಿತು. ಗುಳಿಗೆಯಾಗಲಿ ಚುಚ್ಚುಮದ್ದಾಗಲಿ, ಕೆಲಸ ಒಂದೇ: ಗರ್ಭಕೋಶವನ್ನು ಬಿಗಿಗೊಳಿಸುವುದು. ಅದನ್ನು ಬೇಡವೆನ್ನುವುದರಲ್ಲಿ ಯಾವ ಸಹಜತೆಯೂ ಇಲ್ಲ.

ಸಿಜೇರಿಯನ್ ಮಾಡಬೇಕೆಂದು ನಡುವೆ ಹೇಳಿದರೆ ಮೂರು ಮಾತು ಕೇಳಿ: ಕಾರಣವೇನು, ಈಗಲೇ ಆಗಬೇಕೇ, ಕಾದರೆ ಏನಾಗಬಹುದು. ಬಾಯಿ ತೆರೆಯುವುದು ನಿಧಾನವಾಗಿದೆ ಎಂಬುದೊಂದೇ ಕಾರಣವಾಗಿದ್ದು ತಾಯಿ ಮಗು ಇಬ್ಬರೂ ಚೆನ್ನಾಗಿದ್ದರೆ, ಇನ್ನೆರಡು ತಾಸು ಭಂಗಿ ಬದಲಿಸಿ ನೋಡಬಹುದೇ ಎಂದು ವಿನಂತಿಸಿಕೊಳ್ಳಬಹುದು. ಕೂಸಿನ ಎದೆಬಡಿತ ಇಳಿಯುತ್ತಿದೆ, ರಕ್ತ ಹೋಗುತ್ತಿದೆ ಎಂದರೆ ನೆಂಟರನ್ನೆಲ್ಲ ಫೋನಿನಲ್ಲಿ ಕೇಳುತ್ತ ಕೂರದೆ ಕೂಡಲೇ ಸಹಿ ಹಾಕಿ. ಈ ನಿರ್ಧಾರಕ್ಕೆ ಯಾರು ಮುಂದಾಗಬೇಕೆಂದು ಗಂಡನ ಮನೆಯವರೂ ತವರಿನವರೂ ಕುಬುಸದ ದಿನವೇ ಮಾತಾಡಿಕೊಂಡಿರಬೇಕು. ಮುದ್ದೇಬಿಹಾಳದಲ್ಲಿರುವ ಗಂಡ ಬಂದು ಸೇರಲಿ ಎಂದು ಬೆಳಗಾವಿಯಲ್ಲಿ ಕಾಯುವುದು ಆಗದ ಮಾತು.

ಕೂಸು ಹುಟ್ಟಿದ ಮೇಲೆ

ಅತ್ತು ಉಸಿರಾಡುವ ಕೂಸಿನ ಹೊಕ್ಕುಳಬಳ್ಳಿಯನ್ನು ಒಂದು ನಿಮಿಷವಾದರೂ ಬಿಟ್ಟು ಕತ್ತರಿಸಿದರೆ ಮಾಸಿನಲ್ಲಿರುವ ರಕ್ತ ಕೂಸಿಗೆ ಸೇರುತ್ತದೆ, ಮುಂದೆ ಅದಕ್ಕೆ ರಕ್ತಹೀನತೆಯ ಭಯ ತಗ್ಗುತ್ತದೆ. ಕೂಸನ್ನು ಒರೆಸಿ ತಾಯಿಯ ಬರಿಯೆದೆಯ ಮೇಲೆ ಮಲಗಿಸಿ ಮೇಲೆ ಬಟ್ಟೆ ಹೊದಿಸಬೇಕು, ಮೊದಲ ತಾಸಿನೊಳಗೆ ಮೊಲೆಗೆ ಹಚ್ಚಬೇಕು. ಹಳದಿಯಾದ ಗಿಣ್ಣುಹಾಲನ್ನು ಹಿಂಡಿ ಚೆಲ್ಲುವುದು, ಜೇನು ನೆಕ್ಕಿಸುವುದು, ಬೆಲ್ಲದ ನೀರು ಹಾಕುವುದು ಬೇಡ. ಸ್ನಾನ ಮರುದಿನಕ್ಕಿರಲಿ. ವಿಟಮಿನ್ ಕೆ ಚುಚ್ಚುಮದ್ದು, ಬಿಸಿಜಿ, ಪೋಲಿಯೋ ಹನಿ, 24 ತಾಸಿನೊಳಗಿನ ಹೆಪಟೈಟಿಸ್ ಬಿ ಲಸಿಕೆ ಆದವೇ ಎಂದು ಜೊತೆಗಾರ್ತಿ ನೋಡಿಕೊಳ್ಳಲಿ.

ಎಲ್ಲವೂ ಸಲೀಸಾಗಿ ಆಯಿತೆಂದು ಅದೇ ದಿನ ಸಂಜೆ ಮನೆಗೆ ಹೊರಡಬೇಡಿ. ತಾಯಿಯ ರಕ್ತಸ್ರಾವ, ಕೂಸಿನ ಹಾಲು ಕುಡಿಯುವಿಕೆ ಎರಡೂ ತಹಬಂದಿಗೆ ಬರಲು 48 ತಾಸು ಆಸ್ಪತ್ರೆಯಲ್ಲಿರುವುದು ಸರಿ. ಬಿಡುಗಡೆಯ ಕಾಗದದಲ್ಲಿ ಹೆರಿಗೆಯ ಬಗೆ, ಕೂಸಿನ ತೂಕ, ತಾಯಿಯ ಹಿಮೋಗ್ಲೋಬಿನ್, ಹಾಕಿದ ಲಸಿಕೆ ಇಷ್ಟೂ ಬರೆದಿದೆಯೇ ಎಂದು ಓದಿ ನೋಡಿ, ಜನನದ ನೋಂದಣಿಯನ್ನು 21 ದಿನದೊಳಗೆ ಮುಗಿಸಿ. 6, 10, 14 ವಾರಗಳ ಲಸಿಕೆಗಳು ತವರಿನ ಉಪಕೇಂದ್ರದಲ್ಲಿಯೇ ಆಗುತ್ತವೆ. ಐದನೆಯ ತಿಂಗಳಿನಲ್ಲಿ ತೊಟ್ಟಿಲು, ಕುಂಚಿಗೆ, ಅಂಟಿನುಂಡಿಯ ಡಬ್ಬಿಗಳೊಡನೆ ಬಾಣಂತಿಯನ್ನು ಗಂಡನ ಮನೆಗೆ ಕಳಿಸುವಾಗ ಆ ಪ್ಲಾಸ್ಟಿಕ್ ಚೀಲವನ್ನೂ ಅವಳ ಕೈಗೇ ಕೊಡಿ. ಒಂಬತ್ತನೆಯ ತಿಂಗಳಿನ ದಡಾರ ಲಸಿಕೆಗೆ ಅಲ್ಲಿನ ಆಶಾ ಕಾರ್ಯಕರ್ತೆ ಮೊದಲು ಕೇಳುವುದು ಅದರೊಳಗಿನ ತಾಯಿ ಕಾರ್ಡನ್ನೇ.